ಸಾಧ್ಯಾಸಾಧ್ಯಗಳ ನಕಾಶೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಇಂಡಿ ತಾಲೂಕಿನ ನಮ್ಮ ಹೊರ್ತಿ ಇದೆ. ಮಳೆಯನ್ನು ನಂಬಿದ ಜೋಳದ ಹೊಲಗಳು, ಅಲ್ಲಲ್ಲಿ ನಿಂಬೆಯ ತೋಟಗಳು, ರೇವಣಸಿದ್ಧೇಶ್ವರನ ಗುಡಿ, ಶಾಲೆ, ಸಂತೆ. ಇಷ್ಟರಲ್ಲಿ ಊರಿನ ವರ್ಣನೆ ಮುಗಿಯುತ್ತದೆ. ದೊಡ್ಡ ಬೇನೆ ಬಂದವರು ದಕ್ಷಿಣಕ್ಕಾದರೆ ವಿಜಯಪುರಕ್ಕೆ, ಉತ್ತರಕ್ಕಾದರೆ ಸೊಲ್ಲಾಪುರಕ್ಕೆ ಹೋಗಬೇಕು. ಕೆಲವು ವರ್ಷಗಳ ಹಿಂದೆ ನನ್ನ ಅವ್ವನ ಹೊಟ್ಟೆಯಲ್ಲಿ ಗಡ್ಡೆಯೊಂದು ಬೆಳೆದಾಗ ನಾವು ಸೊಲ್ಲಾಪುರದ ದಾರಿ ಹಿಡಿದೆವು. ಮೊದಲ ದಿನ ಅವಳನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿ ಸಿ.ಟಿ. ಚಿತ್ರ ತೆಗೆದರು. ಮರುದಿನ ಅರಿವಳಿಕೆ ಕೊಟ್ಟು ಮೂರು ತಾಸು ಶಸ್ತ್ರಕ್ರಿಯೆ ನಡೆಸಿದರು.

ಎಲ್ಲವೂ ಸುಖವಾಗಿ ಮುಗಿಯಿತು. ಸಂಜೆ ಪೂರ್ಣ ಎಚ್ಚರವಾದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿದಳು. ನಿದ್ದೆ ಮಾಡಿ ಎದ್ದರೆ ಹೊತ್ತು ಹೋದದ್ದು ತಿಳಿಯುತ್ತದೆ, ಕನಸಾದರೂ ನೆನಪಿರುತ್ತದೆ; ಈ ಮೂರು ತಾಸು ಮಾತ್ರ ತನ್ನ ಆಯುಷ್ಯದಿಂದ ಕತ್ತರಿಸಿ ತೆಗೆದಂತಿದೆ, ಆಗ ತಾನು ಎಲ್ಲಿಗೆ ಹೋಗಿದ್ದೆ ಎಂದು ಅವಳ ಪ್ರಶ್ನೆ. ಬದುಕಿನುದ್ದಕ್ಕೂ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ನಿರುತ್ತರನಾದೆ. ಊರಿಗೆ ಬಂದ ಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿ ಓದತೊಡಗಿದೆ. ಓದು ನನ್ನನ್ನು ಬಾಸ್ಟನ್ನಿಗೂ ಲಂಡನ್ನಿಗೂ ಕರೆದೊಯ್ದು, ಕೊನೆಗೆ ನಮ್ಮ ಬೆಂಗಳೂರಿಗೇ ತಂದು ನಿಲ್ಲಿಸಿತು. ಅಲ್ಲಿ ನನಗೆ ಎದುರಾದವರು ಕೀರ್ತಿಶೇಷ ಪ್ರೊಫೆಸರ್ ಜಿ. ಎನ್. ರಾಮಚಂದ್ರನ್. ಅರಿವಳಿಕೆ ಅವರ ಸಂಶೋಧನೆಯ ವಿಷಯವಾಗಿರಲಿಲ್ಲ. ಆದರೂ ಅವ್ವನ ಪ್ರಶ್ನೆಗೆ ಇಂದು ಉತ್ತರ ಹುಡುಕುತ್ತಿರುವವರು ಅವರು ಬರೆದಿಟ್ಟ ನಕಾಶೆಯನ್ನು ಕೈಯಲ್ಲಿ ಹಿಡಿದೇ ನಡೆಯುತ್ತಿದ್ದಾರೆ.

ಮೊದಲು ಪ್ರಶ್ನೆಯ ಪೂರ್ವೇತಿಹಾಸವನ್ನು ಒಂದಿಷ್ಟು ನೆನೆಯಬೇಕು. ೧೮೪೬ರ ಅಕ್ಟೋಬರ ೧೬ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯಿಂದ ರೋಗಿಯ ಅರಿವನ್ನು ಅಡಗಿಸಿ ಶಸ್ತ್ರಕ್ರಿಯೆಗೆ ಅನುವು ಮಾಡಿಕೊಟ್ಟನು. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ನನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಔಷಧ ಕೆಲಸ ಮಾಡುವುದು ಎಲ್ಲರಿಗೂ ಕಂಡಿತು. ಹೇಗೆ ಮಾಡುತ್ತದೆ ಎಂಬುದು ಯಾರಿಗೂ ಕಾಣಲಿಲ್ಲ. ಆ ಶತಮಾನದ ಕೊನೆಯಲ್ಲಿ ಮೇಯರ್ ಮತ್ತು ಓವರ್ಟನ್ ಎಂಬ ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತನ್ನು ಗುರುತಿಸಿದರು: ಎಣ್ಣೆಯಲ್ಲಿ ಹೆಚ್ಚು ಕರಗುವ ಅರಿವಳಿಕೆ ಹೆಚ್ಚು ಪ್ರಬಲವಾಗಿರುತ್ತದೆ. ಆದ್ದರಿಂದ ಔಷಧವು ನರಕೋಶದ ಜಿಡ್ಡಿನ ಪೊರೆಯಲ್ಲಿ ಕರಗಿ ಅದನ್ನು ಸಡಿಲಿಸುತ್ತದೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ೧೯೮೪ರಲ್ಲಿ ಲಂಡನ್ನಿನ ಫ್ರಾಂಕ್ಸ್ ಮತ್ತು ಲೀಬ್ ಇವರು ಮಿಂಚುಹುಳದ ಬೆಳಕಿಗೆ ಕಾರಣವಾದ ಪ್ರೋಟೀನೊಂದನ್ನು, ಪೊರೆಯ ಸಂಬಂಧವೇ ಇಲ್ಲದೆ, ಅರಿವಳಿಕೆಗಳು ತಡೆಯಬಲ್ಲವೆಂದು ತೋರಿಸಿದಾಗ ಆ ನಂಬಿಕೆ ಅಲುಗಿತು. ಹುಡುಕಬೇಕಾದ ತಾಣ ಪ್ರೋಟೀನು ಎಂಬ ವಿಚಾರ ಬಲಗೊಂಡಿತು. ಪ್ರೋಟೀನಿನ ಮಾತು ಬಂದಲ್ಲಿ ರಾಮಚಂದ್ರನ್ ಅವರ ಹೆಸರು ಬಾರದೆ ಇರದು.

ಅವರು ಹುಟ್ಟಿದ್ದು ೧೯೨೨ರ ಅಕ್ಟೋಬರ ೮ರಂದು, ಕೊಚ್ಚಿ ಸೀಮೆಯ ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯಲ್ಲಿ ಗಣಿತವೇ ಮಾತು, ಗಣಿತವೇ ಆಟ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಿಂದ ಭೌತಶಾಸ್ತ್ರದ ಆನರ್ಸ್ ಪದವಿಯನ್ನು ಮೊದಲ ಸ್ಥಾನದಲ್ಲಿ ಪಡೆದು, ೧೯೪೨ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಂದದ್ದು ವಿದ್ಯುತ್ ತಂತ್ರಶಾಸ್ತ್ರ ಕಲಿಯಲು. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿದ್ದ ಸರ್ ಸಿ. ವಿ. ರಾಮನ್ ಅವರ ಕಣ್ಣು ಈ ತರುಣನ ಮೇಲೆ ಬಿತ್ತು. ಇಂಥ ಬುದ್ಧಿ ಭೌತಶಾಸ್ತ್ರಕ್ಕೇ ಸೇರತಕ್ಕದ್ದೆಂದು ತೀರ್ಮಾನಿಸಿ ಅವರನ್ನು ತಮ್ಮ ವಿಭಾಗಕ್ಕೆ ಎಳೆದುಕೊಂಡರೆಂದು ಹೇಳುತ್ತಾರೆ. ಗುರುವಿನ ಆ ಒಂದು ಹಟದಿಂದ ದೇಶಕ್ಕೆ ಆದ ಲಾಭವನ್ನು ಇಂದು ಅಳೆಯುವುದು ಕಷ್ಟ.

ರಾಮನ್ ಅವರಲ್ಲಿ ಸ್ಫಟಿಕಗಳನ್ನೂ ಕ್ಷ-ಕಿರಣಗಳನ್ನೂ ಅಭ್ಯಾಸ ಮಾಡಿ, ೧೯೪೭ರಲ್ಲಿ ಡಿ.ಎಸ್ಸಿ. ಪಡೆದು, ಅವರು ಕೇಂಬ್ರಿಜ್ಜಿಗೆ ಹೋದರು. ೧೯೪೯ರಲ್ಲಿ ಅಲ್ಲಿಯ ಪಿಎಚ್.ಡಿ. ಯೊಂದಿಗೆ ಬೆಂಗಳೂರಿಗೆ ಮರಳಿದರು. ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯ ಭೌತಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆ ಅವರನ್ನು ಕರೆಯಿತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಮದರಾಸಿಗೆ ಬಂದ ಇಂಗ್ಲಿಷ್ ವಿಜ್ಞಾನಿ ಬರ್ನಾಲ್ ಅವರೊಡನೆ ಮಾತನಾಡುವಾಗ ಕೊಲ್ಲಾಜೆನ್ ಎಂಬ ಪ್ರೋಟೀನಿನ ಪ್ರಸ್ತಾಪ ಬಂದಿತು. ನಮ್ಮ ಚರ್ಮ, ಎಲುಬು, ಸ್ನಾಯುಬಂಧಗಳನ್ನು ಬಿಗಿಯಾಗಿ ಹಿಡಿದಿಟ್ಟಿರುವ ವಸ್ತು ಅದು. ಅದರ ರಚನೆ ಯಾರಿಗೂ ತಿಳಿದಿರಲಿಲ್ಲ. ಊರಿನಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾಲಯದಿಂದ ಕಾಂಗರೂ ಬಾಲದ ಎಳೆಗಳನ್ನು ತಂದು, ಕ್ಷ-ಕಿರಣ ಹಾಯಿಸಿ, ಸಹೋದ್ಯೋಗಿ ಗೋಪೀನಾಥ ಕರ್ತಾ ಅವರೊಡನೆ ಅವರು ೧೯೫೪ರಲ್ಲಿ ಉತ್ತರ ಕಂಡುಕೊಂಡರು. ಹುರಿ ಹೊಸೆದ ಹಗ್ಗದಂತೆ ಮೂರು ಎಳೆಗಳು ಒಂದರೊಡನೊಂದು ಸುತ್ತಿಕೊಂಡ ರಚನೆ ಅದು. ಮುಂದಿನ ವರ್ಷ ಅದನ್ನು ಇನ್ನಷ್ಟು ತಿದ್ದಿ ಪ್ರಕಟಿಸಿದರು.

ಆಗ ಬಂದಿತು ಪೆಟ್ಟು. ಕೇಂಬ್ರಿಜ್ಜಿನಲ್ಲಿ ಕ್ರಿಕ್ ಮತ್ತು ರಿಚ್ ಇದೇ ಸಮಸ್ಯೆಯನ್ನು ಹಿಡಿದಿದ್ದರು. ಮೂರೆಳೆಯ ಹುರಿ ಸರಿಯೆಂದು ಅವರೂ ಒಪ್ಪಿದರು. ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಸಮೀಪದಲ್ಲಿವೆ, ಆದ್ದರಿಂದ ಅದು ನಿಲ್ಲಲಾರದು ಎಂದು ಆಕ್ಷೇಪಿಸಿದರು. ಕೀರ್ತಿಯ ಶಿಖರದಲ್ಲಿದ್ದ ಕ್ರಿಕ್ ಆಡಿದ ಮಾತಿಗೆ ಜಗತ್ತು ತಲೆದೂಗಿತು. ಬೇರೊಬ್ಬರಾಗಿದ್ದರೆ ಕೋಪದ ಪತ್ರ ಬರೆದು ಸುಮ್ಮನಾಗುತ್ತಿದ್ದರೇನೋ. ರಾಮಚಂದ್ರನ್ ಅವರು ಆಕ್ಷೇಪದ ಬುಡಕ್ಕೆ ಕೈಹಾಕಿದರು. ಪರಮಾಣುಗಳು ಎಷ್ಟು ಸಮೀಪಕ್ಕೆ ಬರಬಹುದು, ಎಷ್ಟು ಸಮೀಪಕ್ಕೆ ಬರಬಾರದು ಎಂಬುದನ್ನು ನಿಜವಾಗಿ ಅಳೆದವರು ಯಾರು? ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ತೆಗೆದು, ಅವುಗಳಲ್ಲಿಯ ಅಂತರಗಳನ್ನು ಪಟ್ಟಿಮಾಡಿ, ಪ್ರಕೃತಿಯೇ ಎಲ್ಲಿಯವರೆಗೆ ಸಲುಗೆ ಕೊಟ್ಟಿದೆ ಎಂಬುದನ್ನು ಅವರ ಬಳಗ ಗೊತ್ತುಮಾಡಿತು.

ಅಲ್ಲಿಂದ ಹುಟ್ಟಿದ್ದೇ ಆ ನಕಾಶೆ. ಪ್ರೋಟೀನು ಎಂಬುದು ಅಮೈನೋ ಆಮ್ಲಗಳನ್ನು ಕೊಂಡಿಯಾಗಿ ಪೋಣಿಸಿದ ಸರಪಳಿ. ಪ್ರತಿಯೊಂದು ಕೊಂಡಿಯಲ್ಲಿ ಮುಖ್ಯವಾಗಿ ಎರಡು ಕಡೆ ಸರಪಳಿ ತಿರುಗಬಲ್ಲದು. ಆ ಎರಡು ತಿರುವುಗಳ ಕೋನಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಇಟ್ಟು ಚೌಕ ಬರೆದರೆ ಕೊಂಡಿಯ ಎಲ್ಲ ಭಂಗಿಗಳೂ ಆ ಚೌಕದಲ್ಲಿ ಒಂದೊಂದು ಚುಕ್ಕೆಯಾಗುತ್ತವೆ. ಈಗ ಒಂದೇ ನಿಯಮ: ಎರಡು ಪರಮಾಣುಗಳು ಒಂದೇ ಜಾಗದಲ್ಲಿ ಕೂಡಲಾರವು. ಈ ನಿಯಮಕ್ಕೆ ಒಳಪಡದ ಚುಕ್ಕೆಗಳನ್ನು ಅಳಿಸುತ್ತ ಹೋದರೆ ಚೌಕದ ಬಹುಭಾಗ ಬರಿದಾಗಿ, ಕಾಲುಪಾಲಿಗೂ ಕಡಿಮೆಯ ಕೆಲವು ದ್ವೀಪಗಳು ಮಾತ್ರ ಉಳಿಯುತ್ತವೆ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಈ ನಕಾಶೆಯನ್ನು ಅವರು ೧೯೬೩ರಲ್ಲಿ ಪ್ರಕಟಿಸಿದರು. ಗಣಕಯಂತ್ರ ನಮ್ಮ ವಿಶ್ವವಿದ್ಯಾಲಯಗಳಿಗೆ ಇನ್ನೂ ದುರ್ಲಭವಾಗಿದ್ದ ಕಾಲ ಅದು. ಮೇಜಿನ ಮೇಲೆ ಇಟ್ಟು ಕೂಡಿಸಿ ಗುಣಿಸುವ ಚಿಕ್ಕ ಯಂತ್ರಗಳಿಂದ, ಒಂದೊಂದೇ ಕೋನಕ್ಕೆ ಒಂದೊಂದೇ ಅಂತರವನ್ನು ಲೆಕ್ಕ ಹಾಕಿ ಮುಗಿಸಿದ ಕೆಲಸ ಅದು.

ಇಂದು ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ಹೊಸ ರಚನೆ ಸಿದ್ಧವಾದರೂ ಅದನ್ನು ಒಪ್ಪುವ ಮೊದಲು ಈ ನಕಾಶೆಯ ಮೇಲೆ ಇಟ್ಟು ನೋಡುತ್ತಾರೆ. ಚುಕ್ಕೆಗಳು ದ್ವೀಪಗಳಲ್ಲಿ ಬಿದ್ದರೆ ರಚನೆ ನಂಬಲು ಯೋಗ್ಯ. ಬರಿದಾದ ಕಡಲಿನಲ್ಲಿ ಬಹಳ ಚುಕ್ಕೆಗಳು ಬಿದ್ದರೆ ಎಲ್ಲಿಯೋ ತಪ್ಪಾಗಿದೆ ಎಂದು ಅರ್ಥ. ಪ್ರಪಂಚದ ಪಠ್ಯಪುಸ್ತಕಗಳಲ್ಲಿ ಅದರ ಹೆಸರು ರಾಮಚಂದ್ರನ್ ನಕಾಶೆ. ವಿಮರ್ಶೆಯ ಪೆಟ್ಟು ತಿಂದವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಅದೇ ೧೯೬೩ರಲ್ಲಿ ಹಾಜ್‌ಕಿನ್, ಹಕ್ಸ್‌ಲಿ ಮತ್ತು ಎಕಲ್ಸ್ ಇವರಿಗೆ ನೊಬೆಲ್ ಪಾರಿತೋಷಕ ಬಂದಿತು. ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆಂಬುದನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ ೧೯೫೨ರಲ್ಲಿ ತೋರಿಸಿಕೊಟ್ಟಿದ್ದರು. ನರಕೋಶದ ಪೊರೆಯ ಹೊರಗೂ ಒಳಗೂ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ವಿದ್ಯುತ್ಕಣಗಳಿವೆ. ಇವಕ್ಕೆ ಅಯಾನುಗಳೆಂದು ಹೆಸರು. ನಮ್ಮ ಹಳೆಯ ಊರುಗಳ ಕೋಟೆಗೆ ಅಗಸಿ ಇದ್ದಂತೆ ಆ ಪೊರೆಗೂ ಅಯಾನುಗಳು ಹೋಗಿಬರುವ ಅಗಸಿಗಳಿರುತ್ತವೆ. ಅಗಸಿ ತೆರೆದರೆ ಅಯಾನುಗಳು ಹರಿಯುತ್ತವೆ, ಸಂದೇಶ ಸಾಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಪೊಟ್ಯಾಸಿಯಂನ ಒಂದು ಅಗಸಿಯಿಂದ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಅಯಾನುಗಳು ಹಾಯಬಲ್ಲವು. ಹಕ್ಸ್‌ಲಿಯವರೂ ತಮ್ಮ ಸಮೀಕರಣಗಳನ್ನು ಕೈಯಿಂದ ತಿರುಗಿಸುವ ಯಂತ್ರದ ಮೇಲೆಯೇ ಬಿಡಿಸಿದರು. ಒಬ್ಬರು ಅಗಸಿಯ ವ್ಯಾಪಾರವನ್ನು, ಇನ್ನೊಬ್ಬರು ಅಗಸಿಯನ್ನು ಕಟ್ಟಿದ ಪ್ರೋಟೀನಿನ ಕಟ್ಟಳೆಯನ್ನು, ಹೀಗೆ ಬೇರೆ ಬೇರೆ ಖಂಡಗಳಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದರು.

೧೯೭೧ರಲ್ಲಿ ರಾಮಚಂದ್ರನ್ ಅವರು ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಇನ್ನೊಂದು ಲೇಖನ ಹೊರಬಂದಿತು. ಒಂದು ವಸ್ತುವಿನ ಮೂಲಕ ಹಲವು ದಿಕ್ಕುಗಳಿಂದ ಕ್ಷ-ಕಿರಣ ಹಾಯಿಸಿ ತೆಗೆದ ನೆರಳುಗಳಿಂದ ಅದರ ಒಳಗಿನ ರೂಪವನ್ನು ಮತ್ತೆ ಕಟ್ಟುವ, ಅದೂ ಬೇಗನೆ ಕಟ್ಟುವ ಗಣಿತ ಅದರಲ್ಲಿತ್ತು. ಸಿ.ಟಿ. ಯಂತ್ರಗಳು ಬಹುಕಾಲ ಈ ಬಗೆಯ ಗಣಿತವನ್ನೇ ನೆಚ್ಚಿಕೊಂಡು ಚಿತ್ರ ಕಟ್ಟಿದವು. ಅದರ ಒಂದು ಅಂಗ ಇಂದಿಗೂ ಈ ಇಬ್ಬರ ಹೆಸರುಗಳ ಮೊದಲ ಅಕ್ಷರಗಳಿಂದ ಪರಿಚಿತವಾಗಿದೆ. ಇದನ್ನು ಓದಿದ ದಿನ ಸೊಲ್ಲಾಪುರದ ಆ ಬಳೆಯಂಥ ಯಂತ್ರ ನನ್ನ ಕಣ್ಣ ಮುಂದೆ ಬಂದಿತು. ಅವ್ವ ಅರಿವಿನೊಡನೆ ಮಲಗಿದ ಯಂತ್ರದಲ್ಲೂ, ಅರಿವಿಲ್ಲದೆ ಮಲಗಿದ ಮೇಜಿನ ಮೇಲೆ ಹುಟ್ಟಿದ ಪ್ರಶ್ನೆಯಲ್ಲೂ ಒಬ್ಬರದೇ ಕೈಗುರುತು ಇದ್ದಿತು.

ಆ ಎರಡನೆಯ ಗುರುತನ್ನು ಈಗ ವಿವರಿಸಬೇಕು. ಗ್ರಾಮಿಸಿಡಿನ್ ಎಂಬುದು ಮಣ್ಣಿನ ಸೂಕ್ಷ್ಮಜೀವಿಯೊಂದು ತಯಾರಿಸುವ ಪ್ರತಿಜೀವಕ. ಕೇವಲ ೧೫ ಕೊಂಡಿಗಳ ಚಿಕ್ಕ ಸರಪಳಿ. ಅದರ ವಿಶೇಷವೆಂದರೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ಬಗೆಯ ಅಮೈನೋ ಆಮ್ಲಗಳು ಅದರಲ್ಲಿ ಒಂದಾದ ಮೇಲೊಂದು ಬರುತ್ತವೆ. ಪ್ರತಿಬಿಂಬದ ಕೊಂಡಿಗೆ ರಾಮಚಂದ್ರನ್ ನಕಾಶೆಯೂ ತಲೆಕೆಳಗಾಗುತ್ತದೆ. ಇಂಥ ಮಿಶ್ರ ಸರಪಳಿಗಳು ಯಾವ ಯಾವ ಸುರುಳಿಯಾಗಿ ಸುತ್ತಬಲ್ಲವು ಎಂಬುದನ್ನು ಅವರೂ ಆರ್. ಚಂದ್ರಶೇಖರನ್ ಅವರೂ ಕೂಡಿ ಗಣಿಸಿ, ಅಯಾನುಗಳನ್ನು ಸಾಗಿಸುವ ಪೆಪ್ಟೈಡುಗಳನ್ನೇ ಮುಖ್ಯವಾಗಿ ಕುರಿತು ೧೯೭೨ರಲ್ಲಿ ಲೇಖನ ಬರೆದರು. ಗ್ರಾಮಿಸಿಡಿನ್ ಪೊರೆಯಲ್ಲಿ ಟೊಳ್ಳಾದ ಸುರುಳಿಯಾಗಿ, ಎರಡು ಸುರುಳಿಗಳು ತುದಿಗೆ ತುದಿ ಸೇರಿ, ಅಯಾನುಗಳಿಗೆ ಅಗಸಿಯಾಗುತ್ತದೆ. ನಿಸರ್ಗದ ಅಗಸಿಗಳಲ್ಲಿ ಬಹುಶಃ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಆದ್ದರಿಂದಲೇ ಗಣಕಯಂತ್ರದಲ್ಲಿ ಅಗಸಿಯ ಅನುಕರಣೆ ಮಾಡಹೊರಟವರು ಮೊದಲು ಇದನ್ನೇ ಕೈಗೆತ್ತಿಕೊಂಡರು.

ಅನುಕರಣೆ ಎಂದರೇನು? ಅಗಸಿ, ಪೊರೆ, ನೀರು, ಔಷಧ ಇವುಗಳ ಒಂದೊಂದು ಪರಮಾಣುವಿನ ಸ್ಥಾನವನ್ನು ಗಣಕಯಂತ್ರಕ್ಕೆ ಒಪ್ಪಿಸುತ್ತಾರೆ. ಯಾವುದು ಯಾವುದನ್ನು ಎಷ್ಟು ಸೆಳೆಯುತ್ತದೆ, ಎಷ್ಟು ದೂಡುತ್ತದೆ ಎಂದು ಯಂತ್ರ ಲೆಕ್ಕ ಹಾಕಿ, ನ್ಯೂಟನ್ನನ ನಿಯಮದಂತೆ ಪ್ರತಿಯೊಂದನ್ನೂ ಕೂದಲೆಳೆಗಿಂತ ಕಡಿಮೆ ಸರಿಸುತ್ತದೆ. ಮತ್ತೆ ಲೆಕ್ಕ, ಮತ್ತೆ ಸರಿಸುವಿಕೆ. ಒಂದು ಹೆಜ್ಜೆಯ ಕಾಲ ಎಷ್ಟೆಂದರೆ, ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದಾಗ ಬರುವ ಒಂದೆರಡು ಪಾಲು. ೧೯೭೭ರಲ್ಲಿ ಪ್ರೋಟೀನೊಂದರ ಚಲನೆಯನ್ನು ಅಮೆರಿಕದಲ್ಲಿ ಮೊದಲು ಹೀಗೆ ಗಣಿಸಿದಾಗ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಂಥ ಒಂಬತ್ತು ಪಾಲುಗಳಷ್ಟು ಕಾಲ ಸರಿಯಿತು. ಆ ಕೆಲಸದ ಹಿರಿಯರಾದ ಕಾರ್‌ಪ್ಲಸ್ ಅವರಿಗೆ, ಲೆವಿಟ್ ಮತ್ತು ವಾರ್ಶೆಲ್ ಅವರೊಡನೆ, ೨೦೧೩ರಲ್ಲಿ ನೊಬೆಲ್ ಸಂದಿತು. ಈ ಲೆಕ್ಕದ ತಿರುಳಿನಲ್ಲಿ ಮದರಾಸಿನ ಆ ನಿಯಮ ಕುಳಿತಿದೆ: ಪರಮಾಣುಗಳು ತೀರ ಸಮೀಪ ಬಂದರೆ ಒಂದನ್ನೊಂದು ದೂಡಬೇಕು. ಗಣಿಸಿ ಬಂದ ರೂಪ ದಾರಿ ತಪ್ಪಿಲ್ಲವೆಂದು ನೋಡಲು ಮತ್ತೆ ಅದೇ ನಕಾಶೆ ಬೇಕು.

೨೦೦೨ರಲ್ಲಿ ಪಿಟ್ಸ್‌ಬರ್ಗಿನ ಇಬ್ಬರು ಸಂಶೋಧಕರು ಗ್ರಾಮಿಸಿಡಿನ್ ಅಗಸಿಯನ್ನು ಪೊರೆಯಲ್ಲಿ ನಿಲ್ಲಿಸಿ, ನೀರು ತುಂಬಿಸಿ, ಹ್ಯಾಲೊಥೇನ್ ಎಂಬ ಅರಿವಳಿಕೆಯ ಅಣುಗಳನ್ನು ಬಿಟ್ಟು ಇಂಥ ಅನುಕರಣೆ ನಡೆಸಿದರು. ಔಷಧವು ಅಗಸಿಯ ಬಾಯಿಗೆ ಬಿರಡೆಯಂತೆ ಜಡಿಯುವುದೆಂದು ನಾವು ಊಹಿಸುತ್ತೇವೆ. ಅಲ್ಲಿ ಕಂಡದ್ದೇ ಬೇರೆ. ಅಣುಗಳು ಬಹುಮಟ್ಟಿಗೆ ಪೊರೆಯೂ ನೀರೂ ಕೂಡುವ ಅಂಚಿನಲ್ಲಿ ನೆಲೆಸಿದವು. ಅಗಸಿಯ ಆಕಾರ ಹೆಚ್ಚು ಬದಲಾಗಲಿಲ್ಲ. ಅದರ ಅಲುಗಾಟ ಬದಲಾಯಿತು. ಬಾಗಿಲು ಇದ್ದಂತೆಯೇ ಇದ್ದು ಅದರ ತಿರುಗಣಿಯ ಸಲೀಸು ಮಾತ್ರ ಕೆಟ್ಟಂತೆ ಎನ್ನಬಹುದು.

ಮೆದುಳಿನ ಅಗಸಿಗಳು ಗ್ರಾಮಿಸಿಡಿನ್‌ನಷ್ಟು ಸರಳವಲ್ಲ. ಇಂದಿನ ಶಸ್ತ್ರಕ್ರಿಯೆಗಳಲ್ಲಿ ಬಳಸುವ ಪ್ರೊಪೊಫಾಲ್ ಎಂಬ ಔಷಧ ಗಾಬಾ ಗ್ರಾಹಕವೆಂಬ ಅಗಸಿಯನ್ನು ಹೆಚ್ಚು ಕಾಲ ತೆರೆದಿಡುತ್ತದೆ. ಕ್ಲೋರೈಡ್ ಅಯಾನುಗಳು ಒಳಬಂದು ನರಕೋಶವನ್ನು ಮೌನಗೊಳಿಸುತ್ತವೆ. ಕೀಟಮೀನ್ ಎಂಬುದು ಬೇರೊಂದು ಅಗಸಿಯನ್ನು ಮುಚ್ಚುತ್ತದೆ. ೨೦೧೧ರಲ್ಲಿ ಬ್ಯಾಕ್ಟೀರಿಯಾದಿಂದ ಪಡೆದ, ಗಾಬಾ ಗ್ರಾಹಕದ ದೂರದ ಸಂಬಂಧಿಯಾದ ಅಗಸಿಯೊಂದರಲ್ಲಿ ಪ್ರೊಪೊಫಾಲ್ ಕುಳಿತ ಜಾಗವನ್ನು ಕ್ಷ-ಕಿರಣಗಳಿಂದಲೇ ಕಂಡರು. ಕ್ಷ-ಕಿರಣದ ಚಿತ್ರ ಸ್ತಬ್ಧ. ಔಷಧ ಬರುವುದು, ತಂಗುವುದು, ಹೊರಡುವುದು ಅದರಲ್ಲಿ ಕಾಣದು. ಅದನ್ನು ನೋಡಲು ಗಣಕಯಂತ್ರದ ಅನುಕರಣೆ ಬೇಕಾಗುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ನಿಂತ ಪರಮ್ ಪ್ರವೇಗ ಎಂಬ ಮಹಾಗಣಕಕ್ಕೆ ಸೆಕೆಂಡಿಗೆ ಮೂರು ಪೆಟಾಫ್ಲಾಪಿಗೂ ಮೀರಿದ ಗಣನಶಕ್ತಿಯಿದೆ. ರಾಮಚಂದ್ರನ್ ಅವರು ಕಟ್ಟಿದ ವಿಭಾಗದಲ್ಲಿ ಪ್ರೋಟೀನು ಮತ್ತು ಪೊರೆಗಳ ಅನುಕರಣೆ ಇಂದು ನಿತ್ಯದ ಕೆಲಸ. ಮೇಜಿನ ಮೇಲಿನ ಚಿಕ್ಕ ಯಂತ್ರದಿಂದ ಅಲ್ಲಿಗೆ ತಲಪಲು ಒಂದು ಮನುಷ್ಯಾಯುಷ್ಯದಷ್ಟು ಕಾಲವೂ ಹಿಡಿಯಲಿಲ್ಲ.

ರಾಮಚಂದ್ರನ್ ಅವರಿಗೆ ೧೯೬೧ರಲ್ಲಿ ಭಟ್ನಾಗರ್ ಪ್ರಶಸ್ತಿ, ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, ೧೯೯೯ರಲ್ಲಿ ಸ್ಫಟಿಕಶಾಸ್ತ್ರದ ಇವಾಲ್ಡ್ ಪಾರಿತೋಷಕ ಸಂದವು. ನೊಬೆಲ್ ಸಲ್ಲಲಿಲ್ಲ. ನಿವೃತ್ತಿಯ ಹೊತ್ತಿಗೆ ಅವರ ಮನಸ್ಸು ತರ್ಕಶಾಸ್ತ್ರದ ಕಡೆಗೆ ಹೊರಳಿತ್ತು. ಜೈನರ ಸ್ಯಾದ್ವಾದವನ್ನು ನೆನಪಿಗೆ ತರುವ ಸ್ಯಾದ್-ನ್ಯಾಯ ಎಂಬ ಹೆಸರಿನಿಂದ ಅವರು ತರ್ಕಕ್ಕೆ ಗಣಿತದ ಹೊಸ ರೂಪವೊಂದನ್ನು ಕೊಡಲು ಯತ್ನಿಸಿದರು. ಇದೆ, ಇಲ್ಲ, ಇರಬಹುದು ಎಂಬ ಮಾತುಗಳನ್ನು ತೂಗುವ ಶಾಸ್ತ್ರ ಅದು. ಯೋಚಿಸಿದರೆ ಅವರ ನಕಾಶೆಯೂ ಅಷ್ಟೇ: ಬರಿದಾದ ಕಡಲು ಇಲ್ಲವೆನ್ನುತ್ತದೆ, ದ್ವೀಪ ಇರಬಹುದೆನ್ನುತ್ತದೆ, ಇದೆಯೆಂದು ಹೇಳುವುದನ್ನು ಪ್ರಯೋಗಕ್ಕೆ ಬಿಡುತ್ತದೆ.

ಕೊನೆಯ ವರ್ಷಗಳು ಕಠಿಣವಾಗಿದ್ದವು. ೧೯೪೫ರಿಂದ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿಯವರು ೧೯೯೮ರಲ್ಲಿ ತೀರಿಕೊಂಡರು. ಪಾರ್ಕಿನ್ಸನ್ ರೋಗವೂ ಮೆದುಳಿನ ಆಘಾತವೂ ಅವರನ್ನು ಹಾಸಿಗೆಗೆ ತಂದವು. ಜೀವದ ಸರಪಳಿ ಹೇಗೆ ತಿರುಗಬಲ್ಲದು, ಹೇಗೆ ತಿರುಗಲಾರದು ಎಂದು ಲೋಕಕ್ಕೆ ಕಲಿಸಿದವರ ಕೈಕಾಲುಗಳು ತಿರುಗಲು ಒಲ್ಲೆನೆಂದವು. ೨೦೦೧ರ ಏಪ್ರಿಲ್ ೭ರಂದು ಅವರು ಚೆನ್ನೈಯಲ್ಲಿ ನಿಧನರಾದರು.

ಇಷ್ಟೆಲ್ಲ ಓದಿದ ಮೇಲೆ ಒಂದು ಸಂಜೆ ಹೊರ್ತಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಉತ್ತರ ಹೇಳಿದೆ. ನೀನು ಎಲ್ಲಿಗೂ ಹೋಗಿರಲಿಲ್ಲ. ನಿನ್ನ ತಲೆಯೊಳಗಿನ ಎಣಿಸಲಾರದಷ್ಟು ಅಗಸಿಗಳು ಔಷಧದ ದೆಸೆಯಿಂದ ತಮ್ಮ ಎಂದಿನ ಲಯ ತಪ್ಪಿದ್ದವು, ಔಷಧ ಇಳಿದಂತೆ ಮತ್ತೆ ಲಯಕ್ಕೆ ಬಂದವು ಎಂದು ವಿವರಿಸಿದೆ. ಅವ್ವ ಎಲ್ಲವನ್ನೂ ಕೇಳಿ, ಅಗಸಿಯ ಮಾತು ತಿಳಿಯಿತು, ಆದರೆ ಅಗಸಿ ಮುಚ್ಚಿದರೆ ಊರು ಒಳಗೇ ಇರುತ್ತದಲ್ಲ, ತಾನು ಒಳಗೂ ಇರಲಿಲ್ಲವಲ್ಲ ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ; ಶಾಸ್ತ್ರದಲ್ಲೂ ಇನ್ನೂ ಇಲ್ಲ. ಅಗಸಿಯ ಅಲುಗಾಟಕ್ಕೂ ಅರಿವು ಅಳಿಯುವುದಕ್ಕೂ ನಡುವೆ ದೊಡ್ಡ ಬಯಲು ಉಳಿದಿದೆ. ಆದರೆ ಈ ಸಲ ನಾನು ತಲೆ ತಗ್ಗಿಸಲಿಲ್ಲ. ಮರುದಿನ ಶಾಲೆಯ ಹುಡುಗರು ಮನೆಗೆ ಬಂದಾಗ ಕಾಗದದ ಮೇಲೆ ಒಂದು ಚೌಕ ಬರೆದು, ಎಲ್ಲಿ ಇರಲಾರದು ಎಂಬುದನ್ನು ಮೊದಲು ಅಳಿಸುತ್ತ ಬಂದರೆ ಎಲ್ಲಿ ಹುಡುಕಬೇಕೆಂಬುದು ತಾನಾಗಿ ಉಳಿಯುತ್ತದೆಂದು ಅವರಿಗೆ ತೋರಿಸಿದೆ. ಅವ್ವ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು.